ಕುಂಬಾರ ಗುಡ್ಡದಿಂದ ಕಾಣುವ ಕೋಟೆ

ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಫೋನು ನೋಡುತ್ತ ಕೂತಿದ್ದಾರೆ. ಫೋನು ಒಳಗಿಡಿ ಎಂದು ಇವತ್ತು ಹೇಳುವುದಿಲ್ಲ. ಇವತ್ತಿನ ಮಾತೆಲ್ಲ ಅದರದ್ದೇ.

ಬಳ್ಳಾರಿ ಕೋಟೆಯ ಕತೆ ಇಲ್ಲಿ ಕೂತವರಿಗೆಲ್ಲ ಗೊತ್ತು. ಗೊತ್ತಿದ್ದರೂ ಒಮ್ಮೆ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. ಗುಡ್ಡದ ಮೇಲೆ ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ ಮೊದಲೇ ಇತ್ತು. ಹದಿನೆಂಟನೇ ಶತಮಾನದಲ್ಲಿ ಊರು ಹೈದರಾಲಿಯ ಕೈಗೆ ಬಂತು. ಅವನು ಫ್ರೆಂಚ್ ಎಂಜಿನಿಯರ್ ಒಬ್ಬನನ್ನು ಇಟ್ಟುಕೊಂಡು ಮೇಲುಕೋಟೆಯನ್ನು ದುರಸ್ತಿ ಮಾಡಿಸಿದ, ಬುಡದಲ್ಲಿ ಕೆಳಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ಹತ್ತಿ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ನಿಂತವನಿಗೆ ಕೋಟೆಯೊಳಗಿನ ಓಡಾಟವೆಲ್ಲ ಕಾಣುತ್ತದೆ. ಒಂದು ತೋಪು ಏರಿಸಿಬಿಟ್ಟರೆ ಕೇಳುವುದೇ ಬೇಡ. ಸಿಟ್ಟಿಗೆದ್ದ ಹೈದರ್ ಎಂಜಿನಿಯರನ್ನು ನೇಣಿಗೆ ಹಾಕಿಸಿದನಂತೆ. ಪೂರ್ವದ ಬಾಗಿಲ ಬಳಿಯ ಗೋರಿ ಅವನದೇ ಎನ್ನುತ್ತಾರೆ. ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಬಾಯಿಮಾತು ಎನ್ನುವುದನ್ನು ಇತಿಹಾಸದ ಮೇಷ್ಟರುಗಳಿಗೆ ಬಿಡುತ್ತೇನೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕುಂಬಾರ ಗುಡ್ಡ ರಾತ್ರೋರಾತ್ರಿ ಬೆಳೆದದ್ದಲ್ಲ. ಕೋಟೆ ಕಟ್ಟುವಾಗ ಕಲ್ಲು ಹೊತ್ತ ಕೂಲಿಯವರು ಅದನ್ನು ದಿನಾ ನೋಡಿದ್ದಾರೆ, ಗಾರೆ ಕಲಸಿದವರು ನೋಡಿದ್ದಾರೆ, ಕುರಿ ಕಾಯುವ ಹುಡುಗರು ಅದರ ನೆತ್ತಿಯಲ್ಲಿ ಕೂತು ಬುತ್ತಿ ಉಂಡಿದ್ದಾರೆ. ಎಂಜಿನಿಯರನಿಗೂ ಕಣ್ಣಿತ್ತಲ್ಲ? ಒಬ್ಬರಾದರೂ ಬಾಯಿ ಬಿಡಲಿಲ್ಲ ಯಾಕೆ? ಕೊನೆಗೆ ಆದದ್ದನ್ನು ನೋಡಿದರೆ ಉತ್ತರ ಅಲ್ಲೇ ಇದೆ. ನೇಣು ಹಾಕುವ ದೊರೆಗೆ ಕೆಟ್ಟ ಸುದ್ದಿ ಯಾರು ಹೇಳುತ್ತಾರೆ?

ದೇಶದ ಸೈಬರ್ ಭದ್ರತೆಗೆ ಸರ್ಕಾರ ಮತ್ತು ಸೇನೆ ಏನು ಮಾಡುತ್ತಿವೆ ಎಂದು ಮಾತಾಡಲು ನನ್ನನ್ನು ಕರೆದಿದ್ದಾರೆ. ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿದವನು ನಾನು. ದಿಲ್ಲಿಯ ವಿಚಾರ ದಿಲ್ಲಿಯವರು ಹೇಳಲಿ. ನಾನು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆಯಿಂದ ನೋಡುತ್ತೇನೆ.

ಕೋಟೆ ಕಟ್ಟಿದ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷ ಬೆಂಗಳೂರಿನಲ್ಲಿ ಸೈಬರ್ ಕ್ರೈಂ ಪೊಲೀಸ್ ಠಾಣೆ ಶುರುವಾಯಿತು, ದೇಶಕ್ಕೇ ಮೊದಲನೆಯದು. 2004ರಲ್ಲಿ ‘ಸರ್ಟ್-ಇನ್’ ಹುಟ್ಟಿತು. ಊರಿಗೊಂದು ಅಗ್ನಿಶಾಮಕ ಠಾಣೆ ಇದ್ದ ಹಾಗೆ ದೇಶದ ಕಂಪ್ಯೂಟರುಗಳಿಗೆ ಅದು. ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, ವಿದ್ಯುತ್ತು, ಬ್ಯಾಂಕು, ದೂರಸಂಪರ್ಕದಂಥ ಕೆಟ್ಟರೆ ದೇಶವೇ ನಿಲ್ಲುವ ವ್ಯವಸ್ಥೆಗಳನ್ನು ಕಾಯಲು ಪ್ರತ್ಯೇಕ ಸಂಸ್ಥೆ ಬೇಕೆಂದಾಯಿತು. 2014ರಲ್ಲಿ ಆ ಸಂಸ್ಥೆ ಬಂತು; ಎನ್‌ಸಿಐಐಪಿಸಿ ಎಂಬ ನಾಲಿಗೆ ತೊಡರುವ ಹೆಸರು. 2013ರಲ್ಲಿ ರಾಷ್ಟ್ರೀಯ ನೀತಿ, 2015ರಲ್ಲಿ ಎಲ್ಲರನ್ನೂ ಒಂದು ದಾರಕ್ಕೆ ಪೋಣಿಸುವ ರಾಷ್ಟ್ರೀಯ ಸಂಯೋಜಕರ ಹುದ್ದೆ. ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವನ್ನು 2020ರ ಜನವರಿಯಲ್ಲಿ ಉದ್ಘಾಟಿಸಿದರು. ನಮ್ಮ ರಾಜ್ಯ 2024ರ ಆಗಸ್ಟಿನಲ್ಲಿ ತನ್ನದೇ ಸೈಬರ್ ಭದ್ರತಾ ನೀತಿ ಹೊರತಂದು, 5 ವರ್ಷಕ್ಕೆ ಸುಮಾರು 104 ಕೋಟಿ ರೂಪಾಯಿ ಎಂದಿತು. 2025ರಲ್ಲಿ ಡಿಜಿಪಿ ದರ್ಜೆಯ ಅಧಿಕಾರಿಯ ಕೈಕೆಳಗೆ ಸೈಬರ್ ಕಮಾಂಡ್ ಘಟಕ ಮಾಡಿತು. ಬಳ್ಳಾರಿಯಲ್ಲಿರುವ ಸಿಇಎನ್ ಠಾಣೆ, ಅಂದರೆ ಸೈಬರ್, ಆರ್ಥಿಕ ಅಪರಾಧ, ಮಾದಕವಸ್ತು ಮೂರನ್ನೂ ಒಟ್ಟಿಗೆ ನೋಡುವ ಠಾಣೆ, ಈ ಏಣಿಯ ಕೊನೆಯ ಮೆಟ್ಟಿಲು. ಗಾಂಜಾ ಹಿಡಿಯುವವರೇ ಸರ್ವರ್ ಕಳ್ಳರನ್ನೂ ಹಿಡಿಯಬೇಕು ಎನ್ನುವುದು ನಮ್ಮ ಮಿತವ್ಯಯ.

ಸೇನೆಯ ಕಡೆ ಬಂದರೆ, ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಿದ ಡಿಫೆನ್ಸ್ ಸೈಬರ್ ಏಜೆನ್ಸಿ 2019ರಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥರು ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ. ರಕ್ಷಣಾ ಸಚಿವಾಲಯ 2023ರಲ್ಲಿ ತನ್ನ ಕಂಪ್ಯೂಟರುಗಳಿಗೆ ವಿಂಡೋಸ್ ಬಿಟ್ಟು ‘ಮಾಯಾ’ ಎಂಬ ದೇಸಿ ವ್ಯವಸ್ಥೆ ಹಾಕಲು ಹೊರಟಿತು. ಸೈಬರ್ ಕ್ಷೇತ್ರದಲ್ಲಿ ಮೂರೂ ಪಡೆಗಳು ಒಟ್ಟಾಗಿ ಹೇಗೆ ಕಾರ್ಯಾಚರಣೆ ಮಾಡಬೇಕು ಎಂಬ ಸಿದ್ಧಾಂತವನ್ನು 2024ರ ಜೂನ್‌ನಲ್ಲಿ ಬಿಡುಗಡೆ ಮಾಡಿ, ಮರುವರ್ಷ ಸಾರ್ವಜನಿಕರಿಗೂ ತೆರೆದರು. ಇವೆಲ್ಲಕ್ಕಿಂತ ನನಗೆ ಹೆಚ್ಚು ಅರ್ಥವತ್ತಾಗಿ ಕಂಡದ್ದು 2020ರ ಜುಲೈನ ಒಂದು ಸಣ್ಣ ಆದೇಶ: ಸೈನಿಕರು ತಮ್ಮ ಫೋನಿನಿಂದ ಫೇಸ್‌ಬುಕ್ ಸೇರಿ 89 ಆ್ಯಪ್ ತೆಗೆಯಬೇಕು. ಆಗ ನಕ್ಕವರಿದ್ದರು. ಆದರೆ 2018ರಲ್ಲಿ ಏನಾಯಿತು? ಓಟದ ಲೆಕ್ಕ ಇಡುವ ಸ್ಟ್ರಾವಾ ಎಂಬ ಆ್ಯಪ್, ಜಗತ್ತಿನಲ್ಲಿ ಜನ ಎಲ್ಲೆಲ್ಲಿ ಓಡುತ್ತಾರೆ ಎಂಬ ನಕ್ಷೆ ಹಾಕಿತ್ತು. ಕಗ್ಗತ್ತಲ ಮರುಭೂಮಿಯ ನಡುವೆ ಹೊಳೆಯುವ ಗೆರೆಗಳು ಕಂಡವು. ಬೆಳಿಗ್ಗೆ ಎದ್ದು ಬೇಲಿಯ ಸುತ್ತ ಓಡುತ್ತಿದ್ದ ಅಮೆರಿಕದ ಸೈನಿಕರೇ ತಮ್ಮ ಗುಟ್ಟಿನ ನೆಲೆಗಳ ನಕ್ಷೆ ಬರೆದುಕೊಟ್ಟಿದ್ದರು. ಕುಂಬಾರ ಗುಡ್ಡ ಈಗ ಅಂಗೈಯಲ್ಲಿ ಕೂತಿದೆ.

ಇನ್ನು ನಮ್ಮ ಬಾಗಿಲಿಗೆ ಬರುತ್ತೇನೆ. ಬಳ್ಳಾರಿಯಿಂದ ಹೊಸಪೇಟೆ ದಾರಿ ಹಿಡಿದರೆ ಕುಡತಿನಿಯ ಚಿಮಣಿಗಳು ದೂರದಿಂದಲೇ ಕಾಣುತ್ತವೆ. 500, 500, 700, ಒಟ್ಟು 1,700 ಮೆಗಾವಾಟ್. ಅಲ್ಲಿ ಎಷ್ಟು ಉತ್ಪಾದಿಸಬೇಕು ಎಂಬ ಸೂಚನೆ ಬರುವುದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ. ಸಿರುಗುಪ್ಪದ ರೈಸ್ ಮಿಲ್ಲಿನ ಮೋಟಾರಿಗೂ ನಮ್ಮ ಜೀನ್ಸ್ ಹೊಲಿಯುವ ಮಷಿನ್ನಿಗೂ ಕರೆಂಟು ಸರಿಯಾಗಿ ಸಿಗಬೇಕಾದರೆ, ಎಲ್ಲೋ ಒಂದು ಕೋಣೆಯಲ್ಲಿ ಕಂಪ್ಯೂಟರ್ ಪರದೆ ನಿಜ ಹೇಳುತ್ತಿರಬೇಕು.

ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಎಂಬ ಕಂಪನಿ 2021ರಲ್ಲಿ ಒಂದು ವರದಿ ಹೊರಹಾಕಿತು. ಗಲ್ವಾನ್ ಘರ್ಷಣೆಯ ವರ್ಷದಲ್ಲಿ ಚೀನಾದ ನಂಟಿರುವ, ‘ರೆಡ್ ಎಕೋ’ ಎಂದು ತಾವು ಹೆಸರಿಟ್ಟ ಗುಂಪೊಂದು ಭಾರತದ ವಿದ್ಯುತ್ ಸಂಸ್ಥೆಗಳ ಮೇಲೆ ಕಣ್ಣಿಟ್ಟಿತ್ತು ಎಂಬುದು ಅದರ ಸಾರ. ದೇಶದ 5 ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ 4 ಆ ಪಟ್ಟಿಯಲ್ಲಿದ್ದವು. ನಮ್ಮ ಪತ್ರಿಕೆಗಳಲ್ಲಿ ಅದೇ ಗಲ್ವಾನ್ ವರ್ಷ ಕರೆಂಟು ಹೋಗಿ ಮುಂಬೈ ಕತ್ತಲಾದದ್ದೇ ದೊಡ್ಡ ಸುದ್ದಿ. ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರದ ಹೆಸರೂ ಆ ಪಟ್ಟಿಯಲ್ಲಿತ್ತು ಎನ್ನುವುದನ್ನು ಗಮನಿಸಿದವರು ಕಡಿಮೆ. ಸರ್ಟ್-ಇನ್ ಅದಕ್ಕೆ ಮೊದಲೇ, 2020ರ ನವೆಂಬರಿನಲ್ಲಿ, ಎಚ್ಚರಿಕೆ ಕಳಿಸಿತ್ತು. ಮಾಹಿತಿ ಸೋರಿಲ್ಲ, ವಿದ್ಯುತ್ತಿಗೆ ತೊಂದರೆಯಾಗಿಲ್ಲ ಎಂದು ವಿದ್ಯುತ್ ಸಚಿವಾಲಯ ಹೇಳಿತು. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಪ್ರತಿ ಸಂಸ್ಥೆಯಲ್ಲೂ ಸೈಬರ್ ಭದ್ರತೆಗೆ ಹೊಣೆಯಾದ ಅಧಿಕಾರಿ ಇರಬೇಕು. ಯಂತ್ರ ನಡೆಸುವ ಜಾಲ ಬೇರೆ, ಇಂಟರ್ನೆಟ್ ಇರುವ ಕಚೇರಿಯ ಜಾಲ ಬೇರೆ. ಉಪಕರಣವನ್ನು ನಂಬಿಕಸ್ಥ ಮೂಲದಿಂದಲೇ ಕೊಳ್ಳಬೇಕು. ಒಳ್ಳೆಯ ಕೆಲಸ. ಆದರೆ ಎರಡು ಜಾಲದ ನಡುವೆ ಗೋಡೆ ಎಷ್ಟೇ ದಪ್ಪ ಇರಲಿ, ಗುತ್ತಿಗೆ ಕೆಲಸಗಾರನ ಜೇಬಿನ ಪೆನ್ ಡ್ರೈವ್ ಒಂದು ದಿಡ್ಡಿ ಬಾಗಿಲು. ಇರಾನಿನ ನತಾಂಜ್ ಅಣು ಘಟಕಕ್ಕೆ ಸ್ಟಕ್ಸ್‌ನೆಟ್ ಎಂಬ ಕಳ್ಳ ತಂತ್ರಾಂಶ ನುಗ್ಗಿದ್ದೂ ಹಾಗೆಯೇ ಎನ್ನುತ್ತಾರೆ.

ಕರೆಂಟು ಆಯಿತು, ನೀರು? ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬೋಮನ್ ಎಂಬ ಪುಟ್ಟ ಅಣೆಕಟ್ಟೆ ಇದೆ. 2013ರಲ್ಲಿ ಇರಾನಿನ ಒಬ್ಬ ಹ್ಯಾಕರ್ ಅದರ ನಿಯಂತ್ರಣ ವ್ಯವಸ್ಥೆಯೊಳಗೆ ಹೊಕ್ಕ. ಗೇಟು ತೆರೆಯಲು ಆಗಲಿಲ್ಲ, ಯಾಕೆಂದರೆ ದುರಸ್ತಿಗೆಂದು ಗೇಟಿನ ಸಂಪರ್ಕವನ್ನು ಆಗ ಬಿಚ್ಚಿಟ್ಟಿದ್ದರು. ಈ ಕತೆಯನ್ನು ನಾನು ತರಗತಿಯಲ್ಲಿ ಬಹಳ ಸಲ ಹೇಳಿದ್ದೇನೆ. ಹಿಂದಿನ ವರ್ಷಗಳಲ್ಲಿ ಹುಡುಗರು ಬಾಯಿ ಬಿಟ್ಟು ಕೇಳುತ್ತಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರೆಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋದ ಮೇಲೆ ಹೇಳಿದಾಗ ಸಿರುಗುಪ್ಪದ ಹುಡುಗನೊಬ್ಬ ಎದ್ದು, “ಸರ್, ನಮ್ಮ ಗೇಟಿಗೆ ಹ್ಯಾಕರ್ ಯಾಕ್ ಬೇಕ್ರಿ?” ಅಂದ. ತರಗತಿಯೆಲ್ಲ ನಕ್ಕಿತು. ಅವನ ಮನೆಯ ಭತ್ತ ಆ ನೀರಿನ ಮೇಲೆ ನಿಂತಿತ್ತು. ಭದ್ರತೆ ಅಂದರೆ ಮೊದಲು ಇರುವುದನ್ನು ಸರಿಯಾಗಿ ಇಟ್ಟುಕೊಳ್ಳುವುದು ಎಂದು ಅವನು ನನಗಿಂತ ಚೆನ್ನಾಗಿ ಹೇಳಿದ. ಹಳೆಯ ಚೈನು, ಅಪ್‌ಡೇಟ್ ಕಾಣದ ಹಳೆಯ ಕಂಪ್ಯೂಟರು, ಎರಡೂ ಒಂದೇ ಜಾತಿ. 2017ರಲ್ಲಿ ವನ್ನಾಕ್ರೈ ಎಂಬ ಕಳ್ಳ ತಂತ್ರಾಂಶ ಬಂದಾಗ ಪಕ್ಕದ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರುಗಳೇ ಬೀಗ ಬಿದ್ದು ಕೂತಿದ್ದವು.

ಮೂರನೆಯದು ಜಮೀನು. ಇದು ನಮ್ಮ ರಾಜ್ಯದ ಹೆಮ್ಮೆಯ ಕತೆ; ಅಷ್ಟೇ ತಲೆ ತಗ್ಗಿಸುವ ಕತೆಯೂ ಹೌದು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಪಹಣಿ ತಿದ್ದುವ ಅಧಿಕಾರ ಇರುವವರು ಪಾಸ್‌ವರ್ಡಿನ ಜೊತೆ ಬೆರಳೊತ್ತಿಯೇ ಒಳಗೆ ಹೋಗಬೇಕಿತ್ತು. ಆಮೇಲೆ ‘ನಾನಲ್ಲ’ ಅನ್ನುವ ಹಾಗಿಲ್ಲ. ಬೆರಳಚ್ಚನ್ನು ಬೀಗ ಮಾಡಿದ ಆ ಬುದ್ಧಿವಂತಿಕೆ ಆ ಕಾಲಕ್ಕೆ ದೊಡ್ಡದು. 2023ಕ್ಕೆ ಬನ್ನಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಕ್ರಯಪತ್ರದ ನಕಲು ಸಿಗುತ್ತಿತ್ತು. ಅದರ ಮೇಲೆ ಮಾರಿದವರ, ಕೊಂಡವರ ಬೆರಳಚ್ಚು ಢಾಳಾಗಿ ಇರುತ್ತಿತ್ತು. ಕಳ್ಳರು ಅದನ್ನು ಇಳಿಸಿಕೊಂಡು ಅಚ್ಚು ತೆಗೆದು, ಆಧಾರ್ ಮೂಲಕ ಹಣ ಕೊಡುವ ಯಂತ್ರದ ಮೇಲೆ ಒತ್ತಿ, ಜನರ ಖಾತೆಯಿಂದ ದುಡ್ಡು ಎತ್ತಿದರು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಉಪದೇಶ ಮಾಡುತ್ತಿದ್ದ ನನ್ನಂಥವರ ಬಾಯಿ ಕಟ್ಟಿತು, ಯಾಕೆಂದರೆ ಇಲ್ಲಿ ಓಟಿಪಿಯೇ ಇರಲಿಲ್ಲ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸುವುದು ಹೇಗೆ? ಆಮೇಲೆ ಇಲಾಖೆ ಬೆರಳಚ್ಚು ಕಾಣದ ಹಾಗೆ ಮುಚ್ಚಲು ಶುರುಮಾಡಿತು.

2025ರ ಜನವರಿಯಲ್ಲಿ ಅದೇ ಕಾವೇರಿಗೆ ಇನ್ನೊಂದು ಪೆಟ್ಟು. ಎರಡು ಗಂಟೆಯಲ್ಲಿ 6 ಲಕ್ಷಕ್ಕೂ ಮಿಕ್ಕಿ ಸುಳ್ಳು ಕೋರಿಕೆಗಳನ್ನು ಸುರಿದು ವ್ಯವಸ್ಥೆಯ ಉಸಿರುಗಟ್ಟಿಸಿದರು. ತಿಳಿಯುವ ಹಾಗೆ ಹೇಳಬೇಕೆಂದರೆ, ಏನೂ ಕೊಳ್ಳದ ಸಾವಿರಾರು ಮಂದಿ ಒಂದೇ ಅಂಗಡಿಗೆ ನುಗ್ಗಿ ನಿಜವಾದ ಗಿರಾಕಿ ಒಳಗೆ ಬಾರದ ಹಾಗೆ ನಿಂತುಬಿಡುವುದು. ಆ ದಿನಗಳಲ್ಲಿ ನಾನೂ ಒಂದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಪಡೆಯಲು ತಾಲ್ಲೂಕು ಕೇಂದ್ರವೊಂದರ ಕಚೇರಿಗೆ ಹೋಗಿದ್ದೆ. ಬಾಗಿಲಿಗೆ ಒಂದು ರಟ್ಟು ತೂಗುತ್ತಿತ್ತು: ‘ಸರ್ವರ್ ಇಲ್ಲ’. ಮಗಳ ಮದುವೆಗೆ ಒಂದೆಕರೆ ಮಾರಲು ಬಂದಿದ್ದ ಅಜ್ಜ ಕಟ್ಟೆಯ ಮೇಲೆ ಕೂತು ರೊಟ್ಟಿಗಂಟು ಬಿಚ್ಚುತ್ತಿದ್ದ. “ಸರ್ವರು ಯಾವಾಗ ಬರ್ತಾನಂತ್ರೀ?” ಎಂದು ನನ್ನನ್ನೇ ಕೇಳಿದ. ಸರ್ವರ್ ಅಂದರೆ ಯಾರೋ ಸಾಹೇಬ ಇರಬೇಕು ಎಂದುಕೊಂಡಿದ್ದ. ರಾಷ್ಟ್ರೀಯ ಸೈಬರ್ ಭದ್ರತೆ ಎಂಬ ದೊಡ್ಡ ಮಾತಿಗೆ ನನ್ನ ಕಣ್ಣಿಗೆ ಕಟ್ಟಿದ ಚಿತ್ರ ಅದು.

ಈಗ ನೇಣಿನ ವಿಚಾರ.

2019ರ ಸೆಪ್ಟೆಂಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ಕಳ್ಳ ತಂತ್ರಾಂಶ ಸಿಕ್ಕಿತು. ಸುದ್ದಿ ಹೊರಬಿದ್ದದ್ದು ಅಕ್ಟೋಬರ್ ಕೊನೆಯಲ್ಲಿ. 29ರಂದು, ಇಂಥ ದಾಳಿ ಸಾಧ್ಯವೇ ಇಲ್ಲ ಎಂಬ ಹೇಳಿಕೆ. 30ರಂದು, ಹೌದು, ತಂತ್ರಾಂಶ ಸಿಕ್ಕಿದ್ದು ನಿಜ, ಆದರೆ ಸ್ಥಾವರದ ನಿಯಂತ್ರಣ ಜಾಲಕ್ಕೆ ತಾಕಿಲ್ಲ ಎಂಬ ಹೇಳಿಕೆ. ಎರಡನೆಯ ದಿನದ ಮಾತನ್ನೇ ಮೊದಲನೆಯ ದಿನ ಹೇಳಬಹುದಿತ್ತು. ಹೇಳಿದ್ದರೆ ಏನೂ ಕಳೆದುಹೋಗುತ್ತಿರಲಿಲ್ಲ. ನಮ್ಮ ಮೊದಲ ಉಸಿರೇ ‘ಇಲ್ಲ’. ಇದು ಒಂದು ಸಂಸ್ಥೆಯ ದೋಷ ಎಂದು ನಾನು ತಿಳಿಯುವುದಿಲ್ಲ. ತಪ್ಪು ಸಿಕ್ಕ ಕೂಡಲೇ ತಲೆ ಹುಡುಕುವ ಊರಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ನಿರ್ದೇಶನ ಕೊಟ್ಟಿತು: ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ನನ್ನ ದೃಷ್ಟಿಯಲ್ಲಿ ಈ ಇಡೀ ಕೋಟೆಯಲ್ಲಿ ಅತ್ಯಂತ ಮುಖ್ಯವಾದ ಕಲ್ಲು ಇದು. ಆದರೆ 6 ಗಂಟೆಯೊಳಗೆ ಹೇಳಬೇಕಾದವನು ಯಾರು? ಯಾವುದೋ ಕಚೇರಿಯ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್. ಸಾಹೇಬರ ಪಾಸ್‌ವರ್ಡ್ ಅವನ ಮೇಜಿನ ಗಾಜಿನಡಿ ಚೀಟಿಯಲ್ಲಿ ಇರುತ್ತದೆ, ಯಾಕೆಂದರೆ ಸಾಹೇಬರಿಗೆ ಲಾಗಿನ್ ಆಗಲು ಪುರುಸೊತ್ತಿಲ್ಲ. ಏನಾದರೂ ಎಡವಟ್ಟಾದರೆ ಮೊದಲು ಕೆಲಸ ಹೋಗುವುದು ಅವನದು. ಪರದೆಯ ಮೇಲೆ ವಿಚಿತ್ರ ಏನೋ ಕಂಡಾಗ ಅವನು ಮಾಡುವ ಕೆಲಸ ಒಂದೇ: ಸ್ವಿಚ್ ಆಫ್ ಮಾಡಿ ಚಹಾಕ್ಕೆ ಹೋಗುವುದು.

ಚಿತ್ರದುರ್ಗದ ಕಿಂಡಿಯಲ್ಲಿ ತೆವಳಿ ಬಂದವರೂ ಇದೇ ಹೈದರನ ಮಂದಿ. ನೀರು ತರಲು ಹೋದ ಓಬವ್ವ ಒನಕೆ ಎತ್ತಿದಳು. ಕಿಂಡಿಯನ್ನು ಇಷ್ಟು ದಿನ ಯಾಕೆ ಮುಚ್ಚಿರಲಿಲ್ಲ ಎಂದು ಕಾವಲುಗಾರನಾಗಿದ್ದ ಅವಳ ಗಂಡನಿಗೆ ನೋಟಿಸ್ ಕೊಟ್ಟ ಕತೆ ಯಾವ ಹಾಡಿನಲ್ಲೂ ಇಲ್ಲ.

ವಿಮಾನಯಾನದವರು ಈ ಪಾಠವನ್ನು ಬೇಗ ಕಲಿತರು. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುವ ವ್ಯವಸ್ಥೆ ಇದೆ. ನಡೆಸುವುದು ನಾಸಾ, ಹೆಸರು ಗುಟ್ಟಾಗಿರುತ್ತದೆ. ಬೇಕೆಂದೇ ಮಾಡಿದ್ದಲ್ಲದಿದ್ದರೆ ದಂಡದಿಂದ ರಿಯಾಯಿತಿಯೂ ಉಂಟು. ನಮ್ಮ ಸೈಬರ್ ನೀತಿಗಳಲ್ಲಿ ಕಮಾಂಡೊಗಳಿದ್ದಾರೆ. 5 ವರ್ಷದಲ್ಲಿ 5,000 ಮಂದಿ ಎಂದು 2024ರಲ್ಲಿ ಕೇಂದ್ರ ಗೃಹ ಸಚಿವರು ಘೋಷಿಸಿದರು. ಅವರು ಬರಲಿ. ಅವರನ್ನು ಕೂಗಿ ಕರೆಯಬೇಕಾದವನಿಗೆ ಮಾತ್ರ ರಕ್ಷಣೆಯಿಲ್ಲ.

ಈ ಭಯ ಕಚೇರಿಯಲ್ಲೇ ನಿಲ್ಲುವುದಿಲ್ಲ, ಮನೆಗೂ ಬರುತ್ತದೆ. ಕುರುಗೋಡಿನಲ್ಲಿ ನನ್ನ ಅಕ್ಕನ ಮಗನಿದ್ದಾನೆ, ಮೆಣಸಿನಕಾಯಿ ಬೆಳೆಯುತ್ತಾನೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪಿಎಂ ಕಿಸಾನ್’ ಎಂಬ ಹೆಸರಿನ ಎಪಿಕೆ ಫೈಲ್ ಬಂತು. ಒತ್ತಿದ. ಅದು ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟ. ಅಲ್ಲಿಂದಾಚೆಗೆ ಅವನ ಫೋನಿಗೆ ಬಂದ ಪ್ರತಿ ಓಟಿಪಿ ಇನ್ನೆಲ್ಲೋ ಕೂತವನಿಗೆ ಹೋಗುತ್ತಿತ್ತು. ಒಂದೇ ಸಂಜೆ ನಾಲ್ಕು ಸಲ, ಒಟ್ಟು 1,84,000 ರೂಪಾಯಿ. ಅವನು ನನಗೆ ಫೋನ್ ಮಾಡಿದ್ದು ನಾಲ್ಕನೇ ದಿನ. ಮಾಡಿದವನ ಮೊದಲ ಮಾತು: “ಮಾವ, ಅವ್ವಗ ಹೇಳಬ್ಯಾಡ. ಊರಾಗ ಮರ್ಯಾದಿ ಹೋಗ್ತೈತಿ.” ಬ್ಯಾಂಕಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಸರದಿಯಲ್ಲಿ ನಿಂತವರೆಲ್ಲರಿಗೂ ಕೇಳುವ ಹಾಗೆ, “ಡಿಗ್ರಿ ಓದೀರಿ, ಇಷ್ಟೂ ತಿಳಿಯಲ್ಲೇನು?” ಅಂದರು. ಅವನು ಮಾತಾಡಲಿಲ್ಲ. ಅವನ ಹಿಂದೆ ನಿಂತಿದ್ದ ಇನ್ನೊಬ್ಬರಿಗೆ ನಾಳೆ ಹೀಗೇ ಆದರೆ ಅವರು ಬ್ಯಾಂಕಿಗೆ ಬರುತ್ತಾರೆಯೇ?

ಸೈಬರ್ ವಂಚನೆಯ ದೂರಿಗೆಂದು ಇರುವ 1930 ಎಂಬ ಸಹಾಯವಾಣಿ ಕೆಲಸ ಮಾಡುವ ಬಗೆ ಗೊತ್ತಾದರೆ ಈ ನಾಲ್ಕು ದಿನದ ಬೆಲೆ ತಿಳಿಯುತ್ತದೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ದಿನಗೂಲಿಗೆ ಬಾಡಿಗೆ ಕೊಟ್ಟ ಖಾತೆ ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ ಒಡೆದು ಓಡುತ್ತದೆ. ಒಂದೆರಡು ಗಂಟೆಯಲ್ಲಿ ದೂರು ಹೋದರೆ ಬ್ಯಾಂಕುಗಳು ಅದನ್ನು ದಾರಿಯಲ್ಲೇ ಹಿಡಿಯಬಹುದು. 2024ರ ಒಂದೇ ವರ್ಷದಲ್ಲಿ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಸರ್ಕಾರವೇ ಲೋಕಸಭೆಗೆ ಹೇಳಿದೆ. ಅದೂ ಬಾಯಿಬಿಟ್ಟು ದೂರು ಕೊಟ್ಟವರ ಲೆಕ್ಕ. ಅಕ್ಕನ ಮಗನ ಹಣದಲ್ಲಿ ಹಿಡಿಯಲು ಸಿಕ್ಕಿದ್ದು 11,000.

ವಿಜಯಪುರದ ಒಬ್ಬ ಯುವಕನ ಉದಾಹರಣೆ ಇದಕ್ಕೆ ವಿರುದ್ಧವಾದದ್ದು. ಅವನಿಗೆ ಸುಳ್ಳು ಪೊಲೀಸರ ‘ಡಿಜಿಟಲ್ ಅರೆಸ್ಟ್’ ಕರೆ ಬಂತು. ಹೆದರದೆ ರೆಕಾರ್ಡ್ ಮಾಡಿಕೊಂಡು ಎಲ್ಲರಿಗೂ ತೋರಿಸಿದ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಆ ತುಣುಕನ್ನೇ ದೇಶಕ್ಕೆ ಕೇಳಿಸಿದರು. ಒಬ್ಬ ಬಾಯಿ ಬಿಟ್ಟದ್ದರಿಂದ ಎಷ್ಟು ಮನೆ ಉಳಿದವೋ.

ಕೊನೆಗೆ ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಸಂಜೆ ಮನೆಗೆ ಬಂದ. ಒಂದು ಜಾಲತಾಣದಲ್ಲಿ ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ದಾಖಲೆ ತೆರೆದುಕೊಳ್ಳುತ್ತದೆ ಎಂದು ತೋರಿಸಿದ. ಅವನು ಕದ್ದಿರಲಿಲ್ಲ, ಆಕಸ್ಮಿಕವಾಗಿ ಕಂಡಿದ್ದ. “ಹೇಳಬೇಕೇನ್ರಿ ಸರ್, ಸುಮ್ಮನಿರಬೇಕೇನ್ರಿ?” ಎಂದು ಕೇಳಿದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ನನ್ನ ಕಣ್ಣ ಮುಂದೆ ಬಂದವು. ಒಳ್ಳೆಯ ಮನಸ್ಸಿನಿಂದ ಕಿಂಡಿ ತೋರಿಸಿದವನಿಗೆ ಅಲ್ಲಿ ಸ್ಪಷ್ಟ ರಕ್ಷಣೆಯಿಲ್ಲ. ಕೇಸು, ಪಾಸ್‌ಪೋರ್ಟು, ಅವನ ಅಪ್ಪನ ಮುಖ ಎಲ್ಲ ನೆನಪಾಗಿ, “ಸುಮ್ಮನಿದ್ದುಬಿಡಪ್ಪ” ಅಂದೆ. ಹೋಗುವಾಗ ಅವನು ತಲೆಯಾಡಿಸಿದ. ಕುಂಬಾರ ಗುಡ್ಡವನ್ನು ಕಂಡೂ ಬಾಯಿ ಮುಚ್ಚಿಕೊಂಡವರ ಸಾಲಿನಲ್ಲಿ ಅವತ್ತು ನಾನೂ ನಿಂತೆ.

ಆಗ ಮಾಡಬೇಕಾಗಿದ್ದು ಏನೆಂದು ಈಗ ಗೊತ್ತಿದೆ. ಕಂಡದ್ದನ್ನು ಕಂಡಷ್ಟೇ ಬರೆದು, ಯಾರ ದಾಖಲೆಯನ್ನೂ ಇಳಿಸಿಕೊಳ್ಳದೆ, ಸರ್ಟ್-ಇನ್‌ಗೆ ಕಳಿಸಬಹುದಿತ್ತು. ಇಂಥ ವರದಿ ತೆಗೆದುಕೊಳ್ಳುವ ವ್ಯವಸ್ಥೆ ಅವರಲ್ಲಿದೆ. ಆ ಹುಡುಗ ಇವತ್ತು ಈ ಸಭೆಯಲ್ಲಿದ್ದರೆ, ಅಥವಾ ಈ ಉಪನ್ಯಾಸ ಅಚ್ಚಾದ ಮೇಲೆ ಓದಿದರೆ, ಬಂದು ನನ್ನನ್ನು ಕಾಣಲಿ. ಅವನಂಥ ಬೇರೆ ಹುಡುಗರೂ ಬರಲಿ. ಪತ್ರ ನಾನು ಬರೆಯುತ್ತೇನೆ, ಕೆಳಗೆ ನನ್ನ ಸಹಿ ಇರಲಿ.